ಸ್ಟೇರಿಂಗ್ ಆಟ: ಬಾಕ್ಸಿನ ಸ್ಕ್ರೂಗೆ ಕೈ ಹಾಕುವ ಮುಂಚೆ

ನಮ್ಮ ಪಿಕಪ್ಪಿಗೆ ಈಗ ಹದಿನಾರು ವರ್ಷ. ಹುಳಿಯಾರು ಕಡೆಯ ತೋಟಗಳಿಂದ ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಚೀಲ ಹೊರುವುದು ಅದರ ಕಸುಬು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟೇರಿಂಗನ್ನು ಅರ್ಧ ಗೇಣು ತಿರುಗಿಸಿದರೂ ಮುಂದಿನ ಗಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಎದುರಿಂದ ಲಾರಿ ಬಂದರೆ ಗಾಡಿಯನ್ನು ಎಡಕ್ಕೆ ಹಿಡಿದಿಟ್ಟುಕೊಳ್ಳಲು ಮೊಸರು ಕಡೆದ ಹಾಗೆ ಎರಡೂ ಕೈ ಆಡಿಸುತ್ತಲೇ ಇರಬೇಕು.

ಎರಡು ಗ್ಯಾರೇಜಿಗೆ ಹೋದೆ. ಎರಡು ಕಡೆಯೂ ಮಾಡಿದ್ದು ಒಂದೇ ಕೆಲಸ. ಬಾನೆಟ್ ಎತ್ತಿ, ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗಿನ ತಿರುವನ್ನು ಗಾಲಿಯ ಕಡೆ ದಾಟಿಸುವ ಹಲ್ಲುಗಳ ಪೆಟ್ಟಿಗೆ) ಮೇಲಿನ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಡ್ರೈವರಿನಲ್ಲಿ ಒಂದಷ್ಟು ಬಿಗಿ ಮಾಡಿ ಕಳಿಸಿದರು. ಹತ್ತು ನಿಮಿಷದ ಕೆಲಸ. ಮೊದಲನೇ ಸಲ ಒಂದು ವಾರ ಪರವಾಗಿಲ್ಲ ಅನ್ನಿಸಿತು. ಎರಡನೇ ಸಲ ಬಿಗಿ ಮಾಡಿಸಿದ ಮೇಲೆ ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದು ನಿಂತುಹೋಯಿತು. ಆಟ, ಅಂದರೆ ಗಾಲಿಗೆ ಮುಟ್ಟದ ಸಡಿಲ, ಮಾತ್ರ ಹಾಗೇ ಇತ್ತು. ಬಿಗಿಯೂ ಆಯಿತು, ಸಡಿಲವೂ ಉಳಿಯಿತು. ಆಮೇಲೆ ಒಂದು ಭಾನುವಾರ ಅಕ್ಕನ ಮಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ನಾನೇ ಗಾಡಿಯ ಕೆಳಗೆ ಮಲಗಿದೆ. ಅವತ್ತು ಹುಡುಕಿದ ಕ್ರಮವನ್ನೂ ಸಿಕ್ಕಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಇದು ಹಳೇ ಕಟ್ಟಿನ ಗಾಡಿಗಳಿಗೆ ಹೊಂದುವ ಮಾತು: ಮುಂದೆ ಒಂದೇ ಉದ್ದನೆಯ ಆಕ್ಸಲ್, ಅದರ ಮೇಲೆ ಪ್ಲೇಟ್ ಸ್ಪ್ರಿಂಗ್, ಚಾಸಿಗೆ ಬೋಲ್ಟ್ ಹಾಕಿದ ಸ್ಟೇರಿಂಗ್ ಬಾಕ್ಸ್. ಕೈಯಲ್ಲಿ ತಿರುಗಿಸಿದ್ದು ಕಾಲಂ (ಸ್ಟೇರಿಂಗಿನ ಕೆಳಗಿನ ಕಂಬಿ) ಇಳಿದು, ಅದರ ಯುಜೆ ಕ್ರಾಸ್ (ಓರೆಯಲ್ಲೂ ತಿರುವು ದಾಟಿಸುವ ಕೀಲು) ದಾಟಿ ಬಾಕ್ಸಿಗೆ ಬರುತ್ತದೆ. ಬಾಕ್ಸಿನಿಂದ ಡ್ರಾಪ್ ಆರ್ಮ್ ಅನ್ನುವ ತೋಳು, ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನುವ ಸರಳು. ಅದು ಒಂದು ಗಾಲಿಯನ್ನು ತಳ್ಳಿದರೆ ಟೈ ರಾಡ್ ಇನ್ನೊಂದನ್ನು ಎಳೆದುಕೊಳ್ಳುತ್ತದೆ. ಗಾಲಿಗಳು ಎಡ ಬಲ ತಿರುಗುವುದು ಆಕ್ಸಲ್ಲಿನ ತುದಿಯಲ್ಲಿ ಗೂಟದಂತಿರುವ ಕಿಂಗ್ ಪಿನ್ನಿನ ಮೇಲೆ. ರ‍್ಯಾಕ್ ಅನ್ನುವ ಹಲ್ಲಿನ ಪಟ್ಟಿ ಇರುವ ಚಿಕ್ಕ ಗೂಡ್ಸ್ ಗಾಡಿಗಳ ಸಂಸಾರ ಬೇರೆ.

ಇಷ್ಟು ಕೊಂಡಿಗಳಿರುವ ಸರಪಳಿಯಲ್ಲಿ ಒಂದೊಂದೂ ಕೂದಲೆಳೆಯಷ್ಟು ಸವೆದರೂ ಎಲ್ಲ ಕೂಡಿ ಮೇಲೆ ಬೆರಳುಗಳ ಲೆಕ್ಕವಾಗುತ್ತದೆ. ಬಾಕ್ಸು ಗಾಲಿಯ ಒಂದು ಡಿಗ್ರಿ ತಿರುವಿಗೆ ಸ್ಟೇರಿಂಗಿನಲ್ಲಿ ಸುಮಾರು ಹದಿನೈದು ಇಪ್ಪತ್ತು ಡಿಗ್ರಿ ಕೇಳುತ್ತದೆ. ಅಂದರೆ ಕೆಳಗಿನ ಸಣ್ಣ ಸವೆತ ಮೇಲೆ ಅಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಡಿಲ ಕಾಣಿಸುವುದು ಮೇಲೆ, ಇರುವುದು ಕೆಳಗೆ. ಕೈಗೆ ಸುಲಭವಾಗಿ ಸಿಗುವುದು ಮಾತ್ರ ನಡುವೆ ಕೂತಿರುವ ಬಾಕ್ಸಿನ ಸ್ಕ್ರೂ.

ಮೊದಲು ದೂರು ಯಾವುದು ಅಂತ ಬೇರ್ಪಡಿಸಿಕೊಳ್ಳಿ

ಡ್ರೈವರ್‌ಗಳು ‘ಸ್ಟೇರಿಂಗ್ ಲೂಸು’ ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ರೋಗ ಹೇಳುತ್ತಾರೆ. ತಿರುಗಿಸಿದರೂ ಗಾಲಿ ತಿರುಗದಿದ್ದರೆ ಅದು ಆಟ. ತಿರುಗಿಸಿದ ಕೂಡಲೇ ಗಾಲಿ ತಿರುಗುತ್ತದೆ, ಆದರೂ ನೆಟ್ಟಗಿನ ರಸ್ತೆಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ ಅಂದರೆ ಅದು ತೇಲಾಟ. ಒಂದೇ ಕಡೆಗೆ ಹೋಗುತ್ತಿದ್ದರೆ ಎಳೆತ. ಒಂದು ಸ್ಪೀಡಿಗೆ ಬಂದಾಗ ಸ್ಟೇರಿಂಗ್ ಕೈಯಲ್ಲಿ ಗಡಗಡ ನಡುಗಿದರೆ ಅದು ಇನ್ನೊಂದು.

ತೇಲಾಟಕ್ಕೆ ಜಾಯಿಂಟ್ ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಟೈರಿನ ಗಾಳಿ ಎರಡು ಕಡೆ ಬೇರೆ ಬೇರೆ ಇದ್ದರೂ ಗಾಡಿ ತೇಲುತ್ತದೆ. ಹಿಂದೆ ವಿಪರೀತ ಲೋಡ್ ಹಾಕಿ ಮುಂಭಾಗ ಹಗುರವಾದರೂ ತೇಲುತ್ತದೆ. ಪ್ಲೇಟ್ ಕೆಲಸ ಮಾಡಿಸಿದ ಮೇಲೆ ಶುರುವಾಗಿದ್ದರೆ ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಇರುವ ಬೆಣೆಯಾಕಾರದ ತುಂಡನ್ನು ಹಿಂದು ಮುಂದು ಮಾಡಿ ಹಾಕಿದ್ದಾರಾ ನೋಡಿ. ಗಾಲಿ ತಾನಾಗಿ ನೆಟ್ಟಗಾಗುವುದು ಕಿಂಗ್ ಪಿನ್ ಹಿಂದಕ್ಕೆ ವಾಲಿರುವುದರಿಂದ. ಆ ಬೆಣೆ ಉಲ್ಟಾ ಆದರೆ ವಾಲು ಹೋಗುತ್ತದೆ, ಎಲ್ಲ ಜಾಯಿಂಟ್ ಹೊಸದಾಗಿದ್ದರೂ ಗಾಡಿ ಕುಡಿದವನ ಹಾಗೆ ಹೋಗುತ್ತದೆ.

ನಡುಕಕ್ಕೆ ಮೊದಲು ವೀಲ್ ಬ್ಯಾಲೆನ್ಸು, ಟೈರಿನ ಉಬ್ಬು, ಆಮೇಲೆ ಕಿಂಗ್ ಪಿನ್. ಎಳೆತಕ್ಕೆ ಗಾಳಿ, ಬ್ರೇಕು, ಅಲೈನ್‌ಮೆಂಟು. ಇವುಗಳ ಬಗ್ಗೆ ಇಲ್ಲಿ ಇಷ್ಟೇ ಸಾಕು, ನಮ್ಮ ವಿಷಯ ಆಟ.

ಅಳೆಯಿರಿ

ಕೈಯಂದಾಜು ಬೇಡ. ಗಾಲಿಗಳನ್ನು ನೆಟ್ಟಗಿಟ್ಟು ಸ್ಟೇರಿಂಗಿನ ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಪಕ್ಕದಲ್ಲಿ ಸ್ಕೇಲ್ ಹಿಡಿಯಿರಿ. ಕೆಳಗೆ ಒಬ್ಬರು ಮುಂದಿನ ಟೈರನ್ನೇ ನೋಡುತ್ತಿರಲಿ. ಟೈರು ಈಗಷ್ಟೇ ಕದಲಿತು ಅನ್ನುವ ತನಕ ಎಡಕ್ಕೆ, ಹಾಗೇ ಬಲಕ್ಕೆ. ಎರಡು ಗುರುತಿನ ನಡುವಿನ ಅಂತರವೇ ನಿಮ್ಮ ಆಟ. ಪವರ್ ಸ್ಟೇರಿಂಗ್ ಆದರೆ ಇಂಜಿನ್ ಓಡುತ್ತಿರಬೇಕು. ಇಂಜಿನ್ ಆಫ್ ಇದ್ದಾಗ ಬಾಕ್ಸಿನೊಳಗಿನ ವಾಲ್ವಿನ ಚಲನೆಯೂ ಸೇರಿಕೊಂಡು ಇಲ್ಲದ ಸಡಿಲ ತೋರಿಸುತ್ತದೆ.

ನಮ್ಮ ಗಾಡಿಯಲ್ಲಿ 11 ಸೆಂ.ಮೀ. ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೇರಿಂಗಿನ ಆಟ 30 ಡಿಗ್ರಿ ಮೀರುವಂತಿಲ್ಲ. 40 ಸೆಂ.ಮೀ. ವ್ಯಾಸದ ಸ್ಟೇರಿಂಗಿನ ಅಂಚಿನಲ್ಲಿ 30 ಡಿಗ್ರಿ ಅಂದರೆ ಸುಮಾರು 10.5 ಸೆಂ.ಮೀ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷ ಫಿಟ್‌ನೆಸ್ ಪರೀಕ್ಷೆ, ಅಂದರೆ ಎಫ್‌ಸಿ ಆಗಬೇಕು, ಈ ಅಳತೆಯಲ್ಲಿ ನಾನು ಆಗಲೇ ಫೇಲು. ಆದರೆ 30 ಡಿಗ್ರಿ ಒಳಗಿದ್ದರೆ ಗಾಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ಅದು ರಸ್ತೆಗೆ ಬರಬಾರದ ಗಾಡಿಯ ಗೆರೆ. ಚೆನ್ನಾಗಿರುವ ಹಳೇ ಬಾಕ್ಸ್ ಗಾಡಿಯಲ್ಲಿ ಎರಡು ಮೂರು ಸೆಂ.ಮೀ.ಗಿಂತ ಹೆಚ್ಚು ಇರಬಾರದು ಅನ್ನುವುದು ನನ್ನ ಲೆಕ್ಕ.

ಕೆಳಗೆ ಮಲಗಿ ನೋಡುವುದು

ಗಾಡಿ ಸಮತಟ್ಟು ಜಾಗದಲ್ಲಿರಲಿ, ನಾಲ್ಕು ಗಾಲಿಯೂ ನೆಲದ ಮೇಲೇ ಇರಲಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಗಾಲಿಗೆ ಹಿಂದೆ ಮುಂದೆ ಕಲ್ಲು. ಜಾಕ್ ಈಗಲೇ ಬೇಡ. ಗಾಲಿಯ ಮೇಲೆ ಭಾರ ಇದ್ದಾಗ ಮಾತ್ರ ಜಾಯಿಂಟುಗಳು ತಮ್ಮ ನಿಜ ಹೇಳುತ್ತವೆ. ಗಾಲಿ ಎತ್ತಿಬಿಟ್ಟರೆ ಎಲ್ಲವೂ ಒಟ್ಟಿಗೆ ತಿರುಗಿ ಸವೆತ ಮುಚ್ಚಿಹೋಗುತ್ತದೆ.

‘ಮಾವ, ಎಷ್ಟು ಅಲ್ಲಾಡಿಸಲಿ?’ ಅಂದ ಹುಡುಗ.

‘ಆಟ ಎಷ್ಟಿದೆಯೋ ಅಷ್ಟೇ ಕಣೋ. ಗಾಲಿ ತಿರುಗೋ ತನಕ ಬೇಡ. ನಿಲ್ಲಿಸದೆ ಎಡ ಬಲ ಆಡಿಸ್ತಾ ಇರು.’

ಇಡೀ ಪರೀಕ್ಷೆ ಇಷ್ಟೇ. ಅವನು ಆಡಿಸುತ್ತಿರುವಾಗ ನೀವು ಮೇಲಿನಿಂದ ಕೆಳಕ್ಕೆ ಒಂದೊಂದು ಜೋಡಣೆಯ ಮೇಲೂ ಬೆರಳಿಡಬೇಕು, ಬೆರಳು ಎರಡು ಭಾಗವನ್ನೂ ಒಟ್ಟಿಗೆ ಮುಟ್ಟುವ ಹಾಗೆ. ಎರಡೂ ಒಟ್ಟಿಗೆ ಚಲಿಸಿದರೆ ಆ ಜಾಯಿಂಟ್ ಸರಿ, ಮುಂದಕ್ಕೆ ಹೋಗಿ. ಒಂದು ಕಡೆ ಅಲುಗಾಡಿ ಇನ್ನೊಂದು ಕಡೆ ಸುಮ್ಮನಿದ್ದರೆ ಚಲನೆ ಅಲ್ಲೇ ಸತ್ತಿದೆ. ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗುತ್ತದೆ. ಫ್ಯಾನು, ಬೆಲ್ಟಿನ ಹತ್ತಿರ ಮಾತ್ರ ಕೈ ಹೋಗದಿರಲಿ.

ಕಾಲಂ ಕೆಳಗಿನ ಯುಜೆ ಕ್ರಾಸಿನಿಂದ ಶುರು ಮಾಡಿದೆ. ನಮ್ಮದು ಗಟ್ಟಿ ಇತ್ತು. ಕೆಲವು ಗಾಡಿಯಲ್ಲಿ ಇಲ್ಲಿ ರಬ್ಬರ್ ಬಿಲ್ಲೆಯ ಕಪ್ಲಿಂಗ್ ಇರುತ್ತದೆ. ಇಂಜಿನ್ ಆಯಿಲ್ ಸೋರಿ ಅದರ ಮೇಲೆ ಬಿದ್ದಿದ್ದರೆ ಊದಿಕೊಂಡು ಮೆತ್ತಗಾಗಿರುತ್ತದೆ. ಕ್ಲ್ಯಾಂಪ್ ಬೋಲ್ಟನ್ನು ಪಾನಾ ಹಾಕಿ ನೋಡಿ, ಸಡಿಲವಾಗಿರುವುದು ಅಪರೂಪವೇನಲ್ಲ.

ಆಮೇಲೆ ಬಾಕ್ಸು. ಇಲ್ಲಿ ಮೊದಲು ನೋಡಬೇಕಾದ್ದು ಬಾಕ್ಸಿನೊಳಗೆ ಏನಾಗಿದೆ ಅಂತಲ್ಲ, ಬಾಕ್ಸೇ ಚಾಸಿಯ ಮೇಲೆ ಕದಲುತ್ತಿದೆಯಾ ಅಂತ. ಬಾಕ್ಸಿಗೂ ಚಾಸಿಗೂ ಸೇರಿಸಿ ಬೆರಳಿಟ್ಟೆ. ಒಂದು ನೂಲಿನ (ಇಂಚಿನ ಎಂಟನೇ ಒಂದು ಭಾಗ) ಕಾಲು ಭಾಗದಷ್ಟು ಉಸಿರಾಡುತ್ತಿತ್ತು! ಬೋಲ್ಟಿನ ಸುತ್ತ ಕುಂಕುಮದಂಥ ತುಕ್ಕಿನ ಪುಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರುವ ಕಡೆ ಈ ಕೆಂಪು ಗೆರೆ ಮೂಡುತ್ತದೆ, ಎಲ್ಲೇ ಕಂಡರೂ ನಂಬಬಹುದು. ಮಣ್ಣು ಕೆರೆದು, ಡೀಸೆಲ್ಲಿನಲ್ಲಿ ಒರೆಸಿ, ಚಾಸಿ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಿಡಿದು ನೋಡಿದೆ. ಬಿರುಕಿಲ್ಲ. ಇದ್ದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಚಾಸಿ ಕೆಲಸದವರ ಹತ್ತಿರ ಹೋಗಬೇಕಿತ್ತು. ಬೋಲ್ಟುಗಳನ್ನು ಒಂದೊಂದಾಗಿ ತೆಗೆದು, ಅದೇ ದರ್ಜೆಯ ಹೊಸ ಬೋಲ್ಟು, ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮೆತ್ತನೆ ಬೋಲ್ಟು ಇಲ್ಲಿ ಸಲ್ಲದು. ಮತ್ತೆ ಅಳೆದರೆ 8.5 ಸೆಂ.ಮೀ. ಎರಡು ಗ್ಯಾರೇಜಿನಲ್ಲಿ ಸ್ಕ್ರೂ ತಿರುಗಿಸಿದವರ ಪಾನಾ ಈ ಬೋಲ್ಟುಗಳಿಗಿಂತ ಒಂದು ಗೇಣು ಮೇಲೆ ಆಡಿತ್ತು.

ಡ್ರಾಪ್ ಆರ್ಮ್ ಬಾಕ್ಸಿನ ಶಾಫ್ಟಿನ ಹಲ್ಲುಗಳ ಮೇಲೆ ಕೂತಿರುತ್ತದೆ. ಅಲ್ಲಿ ಆಟ ಕಂಡರೆ ನಟ್ ಬಿಗಿ ಮಾಡಿ ನೋಡಿ. ಹಲ್ಲೇ ಸವೆದಿದ್ದರೆ ಆರ್ಮ್ ಬದಲಾಯಿಸಬೇಕು, ಬೇರೆ ದಾರಿಯಿಲ್ಲ. ವೆಲ್ಡ್ ಹೊಡೆಸಿಕೊಂಡು ಓಡಾಡುವವರಿದ್ದಾರೆ. ಸ್ಟೇರಿಂಗಿನ ಯಾವ ತುಂಡಿಗೂ ವೆಲ್ಡಿಂಗ್ ಕೂಡದು. ಕಾಯಿಸಿದ ಕಬ್ಬಿಣ ಮುರಿಯುವ ಮುಂಚೆ ಹೇಳಿ ಮುರಿಯುವುದಿಲ್ಲ.

ದೊಡ್ಡ ರೋಗ ಸಿಕ್ಕಿದ್ದು ಡ್ರ್ಯಾಗ್ ಲಿಂಕಿನ ಮುಂದಿನ ತುದಿಯಲ್ಲಿ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಎಷ್ಟು ದಿನವಾಗಿತ್ತೋ, ಒಳಗೆ ಗ್ರೀಸೂ ಧೂಳೂ ಸೇರಿ ಸಾಣೆ ಹಿಡಿಯುವ ಪೇಸ್ಟ್ ಆಗಿತ್ತು. ಹುಡುಗ ಸ್ಟೇರಿಂಗ್ ಆಡಿಸಿದರೆ ಡ್ರಾಪ್ ಆರ್ಮ್ ಹೋಗಿ ಬರುತ್ತದೆ, ಬಾಲಿನ ಕಡ್ಡಿ ವಾಲುತ್ತದೆ, ಲಿಂಕ್ ಮಲಗಿದ ಎಮ್ಮೆಯಂತೆ ಅಲ್ಲೇ ಇರುತ್ತದೆ. ಅದೇ 98ನೇ ನಿಯಮ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಲೇಬೇಕು ಅನ್ನುವುದು ಸುಮ್ಮನೆ ಅಲ್ಲ. ಟೋಪಿಯ ಬೆಲೆ ಜಾಯಿಂಟಿನ ಬೆಲೆಯ ಮುಂದೆ ಏನೂ ಅಲ್ಲ, ಆದರೆ ಹರಿದ ದಿನ ಯಾರೂ ಬಗ್ಗಿ ನೋಡುವುದಿಲ್ಲ.

ಜಾಯಿಂಟ್ ಬದಲಾಯಿಸುವಾಗ ತಪ್ಪು ಸುಲಭ, ಅದಕ್ಕೇ ಸ್ವಲ್ಪ ವಿವರ. ಹಳೇದನ್ನು ಬಿಚ್ಚುವ ಮುಂಚೆ ದಾರದ (ಸ್ಕ್ರೂವಿನಂಥ ಥ್ರೆಡ್) ಮೇಲೆ ಟೇಪ್ ಸುತ್ತಿ ಗುರುತು ಮಾಡಿ, ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಬಾಲಿನ ಕಡ್ಡಿ ಟೇಪರ್ ಆಗಿ, ಅಂದರೆ ತುದಿಗೆ ಸಣ್ಣಗಾಗುತ್ತಾ, ಕೂತಿರುತ್ತದೆ. ನಟ್ ತೆಗೆದು ದಾರದ ತಲೆಗೆ ಸುತ್ತಿಗೆ ಹೊಡೆದರೆ ದಾರ ಹಾಳಾಗುತ್ತದೆಯೇ ಹೊರತು ಕಡ್ಡಿ ಬಿಡುವುದಿಲ್ಲ. ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರವಾದ ಸುತ್ತಿಗೆ ಆನಿಸಿ ಎದುರು ಪಕ್ಕಕ್ಕೆ ಇನ್ನೊಂದರಲ್ಲಿ ಎರಡೇಟು, ‘ಟಕ್’ ಅಂತ ಬಿಡುತ್ತದೆ. ಹೊಸದು ಹಾಕಿ ನಟ್ ಬಿಗಿ ಮಾಡಿದ ಮೇಲೆ ಸ್ಪ್ಲಿಟ್ ಪಿನ್ನಿನ (ನಟ್ ತಿರುಗದ ಹಾಗೆ ತಡೆಯುವ ಪಿನ್) ತೂತು ಎದುರು ಬದುರಾಗದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ಕೂರಿಸಬೇಕು. ಪಿನ್ ಹೋಗಲಿ ಅಂತ ನಟ್ ಸಡಿಲಿಸಬಾರದು. ಪಿನ್ ಹೊಸದೇ ಆಗಬೇಕು, ಹಳೇದನ್ನು ನೆಟ್ಟಗೆ ಮಾಡಿ ತುರುಕುವುದು, ಅದರ ಬದಲು ಬೈಂಡಿಂಗ್ ತಂತಿ ಕಟ್ಟುವುದು, ಎರಡೂ ಬೇಡ. ಸವೆದ ಜಾಯಿಂಟಿನೊಳಗೆ ಟ್ಯೂಬಿನ ರಬ್ಬರ್ ತುಂಡು ಇಟ್ಟು ಎಫ್‌ಸಿ ದಾಟಿಸುವ ಚಾಲಾಕಿಯೂ ನಡೆಯುತ್ತದೆ. ಅದನ್ನು ಮಾಡಿದವರ ಗಾಡಿಯಲ್ಲಿ ನಾನು ಹತ್ತುವುದಿಲ್ಲ.

ಈಗ ಆಟ 4 ಸೆಂ.ಮೀ.ಗೆ ಇಳಿಯಿತು.

ಟೈ ರಾಡಿನ ಎರಡು ತುದಿಯನ್ನೂ ಹೀಗೇ ನೋಡಿ. ದೊಡ್ಡ ಪ್ಲೈಯರ್ ಹಿಡಿದು ಮೇಲಿನಿಂದ ಕೆಳಕ್ಕೆ ಒತ್ತಿದಾಗ ಪಟಪಟ ಅಂದರೆ ಸವೆದಿದೆ ಅಂತ ಲೆಕ್ಕ. ರಾಡು ತನ್ನ ಅಕ್ಷದ ಮೇಲೆ ಸ್ವಲ್ಪ ಉರುಳುವುದು ದೋಷವಲ್ಲ, ಜಾಯಿಂಟಿನ ಸ್ವಭಾವ. ಸಾಮಾನ್ಯವಾಗಿ ಒಂದು ತುದಿಯ ದಾರ ಎಡಗೈ ಸುತ್ತಿನದು, ತಿಳಿಯದೆ ಪಾನಾಗೆ ಪೈಪ್ ಹಾಕಿ ಎಳೆಯಬೇಡಿ. ಟೈ ರಾಡಿಗೆ ಕೈ ಹಾಕಿದರೆ ಟೋ ಇನ್ (ಮುಂದಿನ ಗಾಲಿಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ಮತ್ತೆ ನೋಡಲೇಬೇಕು, ಇಲ್ಲದಿದ್ದರೆ ಮುಂದಿನ ಟೈರುಗಳು ಅಂಚು ಸವೆದು ನಿಮಗೆ ಬಿಲ್ ಕಳಿಸುತ್ತವೆ.

ಜಾಕ್ ಹಾಕಿ ನೋಡುವುದು

ಈಗ ಆಕ್ಸಲ್ಲಿನ ಕೆಳಗೆ ಜಾಕ್ ಕೊಟ್ಟು ಒಂದು ಗಾಲಿ ಎತ್ತಿ, ಪಕ್ಕದಲ್ಲಿ ಸ್ಟ್ಯಾಂಡ್ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ. ಇಟ್ಟಿಗೆಯನ್ನಾಗಲಿ ಹಾಲೋ ಬ್ಲಾಕನ್ನಾಗಲಿ ನಂಬಬೇಡಿ, ಬಿರುಕು ಬಿಟ್ಟರೆ ಒಂದೇ ಸಲಕ್ಕೆ ಪುಡಿ.

ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ತಳ್ಳಿ ಎಳೆಯಿರಿ. ಆಟ ಕಂಡರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಆಡಿಸಿ. ಬ್ರೇಕ್ ತುಳಿದಾಗ ಆಟ ಮಾಯವಾದರೆ ಹಬ್ ಬೇರಿಂಗ್ ಸಡಿಲ. ಬ್ರೇಕ್ ತುಳಿದರೂ ಉಳಿದರೆ ಕಿಂಗ್ ಪಿನ್ ಬುಷ್ (ಪಿನ್ನಿನ ಸುತ್ತಲಿನ ಬಳೆ) ಹೋಗಿದೆ. ಇಷ್ಟು ಸುಲಭದ ಪರೀಕ್ಷೆ ಮಾಡದೆ ಬೇರಿಂಗ್ ದೋಷಕ್ಕೆ ಕಿಂಗ್ ಪಿನ್ ಸೆಟ್ ತಂದವರಿದ್ದಾರೆ.

ಬೇರಿಂಗ್ ಆದರೆ ಹಬ್ ಸುತ್ತಿಸುತ್ತಲೇ ನಟ್ ಬಿಗಿ ಮಾಡಿ, ಆಮೇಲೆ ನಿಮ್ಮ ಗಾಡಿಯ ಕೈಪಿಡಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕಿ. ಪೂರ್ತಿ ಬಿಗಿಯಾಗಿಯೇ ಬಿಟ್ಟರೆ ಬೇರಿಂಗ್ ಕಾದು ಹೋಗುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ ನೋಡಿ, ಕೈ ಇಡಲಾರದಷ್ಟು ಬಿಸಿ ಇರಬಾರದು.

ಕಿಂಗ್ ಪಿನ್ ಬುಷ್ ಮನೆಯಲ್ಲಿ ಆಗುವ ಕೆಲಸವಲ್ಲ. ಬುಷ್ ಒತ್ತಿ ಕೂರಿಸಿ, ಅದರ ತೂತನ್ನು ಅಳತೆಗೆ ತರಲು ರೀಮರ್ ಹೊಡೆಯಬೇಕು, ಲೇತ್ ಅಂಗಡಿಗೇ ಹೋಗಬೇಕು. ಆದರೆ ಅದು ಬೇಗ ಹೋಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಗಾಡಿ ನೆಲದ ಮೇಲಿರುವಾಗ ಗ್ರೀಸ್ ಗನ್ ಹಿಡಿದರೆ ಭಾರ ಬಿದ್ದಿರುವ ಪಕ್ಕಕ್ಕೆ ಗ್ರೀಸ್ ಹೋಗುವುದೇ ಇಲ್ಲ, ಸಡಿಲ ಇರುವ ಕಡೆಯಿಂದ ಹೊರಗೆ ಬಂದುಬಿಡುತ್ತದೆ. ಆಕ್ಸಲ್ ಎತ್ತಿ, ಗಾಲಿಯನ್ನು ಎಡ ಬಲ ತಿರುಗಿಸುತ್ತಾ ಹೊಡೆಯಿರಿ, ಹಳೇ ಕಪ್ಪು ಗ್ರೀಸ್ ಹೋಗಿ ಹೊಸದು ಕಾಣುವ ತನಕ.

ಜಾಕ್ ಇಳಿಸುವ ಮುಂಚೆ ಪ್ಲೇಟುಗಳನ್ನು ಆಕ್ಸಲ್ಲಿಗೆ ಬಿಗಿದಿರುವ ಯು ಬೋಲ್ಟು, ಪ್ಲೇಟಿನ ತುದಿಯ ಶ್ಯಾಕಲ್ ಬುಷ್ ಕೂಡ ನೋಡಿ. ಯು ಬೋಲ್ಟ್ ಸಡಿಲವಾಗಿ ಸೆಂಟರ್ ಬೋಲ್ಟ್ ಕತ್ತರಿಸಿದರೆ ಆಕ್ಸಲ್ಲೇ ಜರುಗುತ್ತದೆ, ಆಗ ಸ್ಟೇರಿಂಗ್ ಎಷ್ಟು ಬಿಗಿ ಮಾಡಿದರೂ ವ್ಯರ್ಥ.

ಕೊನೆಗೆ ಬಾಕ್ಸು

ಉಳಿದ 4 ಸೆಂ.ಮೀ. ಎಲ್ಲಿಯದು? ಬಾಕ್ಸಿನದೇ. ಆದರೆ ಯಾಕೆ ಅನ್ನುವುದು ಗೊತ್ತಾದಾಗ ಎರಡು ಗ್ಯಾರೇಜಿನ ಬಿಗಿ ಯಾಕೆ ಕೈಕೊಟ್ಟಿತು ಅನ್ನುವುದೂ ಗೊತ್ತಾಯಿತು.

ಬಾಕ್ಸಿನೊಳಗಿನ ಹಲ್ಲುಗಳನ್ನು ನೆಟ್ಟಗೆ ಹೋಗುವ ನಡು ಜಾಗದಲ್ಲಿ ಮಾತ್ರ ಬಿಗಿಯಾಗಿ ಕೂರುವಂತೆ ಮಾಡಿರುತ್ತಾರೆ. ನಡುವಿನಿಂದ ಆಚೀಚೆ ಹೋದಂತೆ ಬೇಕೆಂದೇ ಸ್ವಲ್ಪ ಸಡಿಲ. ಹಾಗಾಗಿ ಗಾಡಿ ನೆಟ್ಟಗೆ ಹೋಗುವಾಗ ಬಾಕ್ಸ್ ತನ್ನ ನಡುವಿನಲ್ಲೇ ಇರಬೇಕು. ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮಿನಿಂದ ಬಿಚ್ಚಿ, ಇಂಜಿನ್ ಆಫ್ ಮಾಡಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ತಿರುಗಿಸಿ ಸುತ್ತು ಎಣಿಸಿದೆ. ಕೊನೆಯಲ್ಲಿ ಜೋರಾಗಿ ಬಡಿಯಬಾರದು, ಒಳಗೆ ಪೆಟ್ಟಾಗುತ್ತದೆ. ನಾಲ್ಕೂವರೆ ಸುತ್ತು ಬಂತು. ಅಂದರೆ ನಡು ಎರಡೂಕಾಲಿಗೆ. ಆದರೆ ಗಾಲಿ ನೆಟ್ಟಗಿದ್ದಾಗ ನಮ್ಮ ಬಾಕ್ಸ್ ಇದ್ದದ್ದು ಸುಮಾರು ಎರಡೂಮುಕ್ಕಾಲಿಗೆ. ಅರ್ಧ ಸುತ್ತು ಪಕ್ಕಕ್ಕೆ!

ಹಿಂದಿನ ವರ್ಷ ಅಲೈನ್‌ಮೆಂಟ್ ಮಾಡಿಸಿದಾಗ ಸ್ಟೇರಿಂಗ್ ಸೊಟ್ಟಗಿದೆ ಅಂತ ಹೇಳಿದ್ದೆ. ಅವರು ಲಿಂಕಿನ ಉದ್ದ ಸರಿ ಮಾಡುವ ಬದಲು ಸ್ಟೇರಿಂಗ್ ಚಕ್ರವನ್ನೇ ಕಿತ್ತು ನೆಟ್ಟಗೆ ಕೂರಿಸಿ ಕೊಟ್ಟಿದ್ದರು. ನೋಡಲು ಲಕ್ಷಣವಾಗಿತ್ತು, ನಾನೂ ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಅವತ್ತಿನಿಂದ ಬಾಕ್ಸ್ ತನ್ನ ಸಡಿಲ ಜಾಗದಲ್ಲೇ ದುಡಿಯುತ್ತಿತ್ತು. ಆ ಸಡಿಲ ತೆಗೆಯಲು ಸ್ಕ್ರೂ ಬಿಗಿ ಮಾಡಿದಾಗ ನಡು ಜಾಗ ಹಿಡಿದುಕೊಂಡಿತು. ವಾಪಸ್ ಬರುವ ಸ್ಟೇರಿಂಗ್ ಅಲ್ಲೇ ಸಿಕ್ಕಿ ನಿಲ್ಲುತ್ತಿತ್ತು.

ಸರಿ ಮಾಡಿದ್ದು ಹೀಗೆ. ಗ್ಯಾರೇಜಿನವರು ತಿರುಗಿಸಿದ್ದಷ್ಟನ್ನು ಮೊದಲು ಹಿಂದಕ್ಕೆ ಬಿಟ್ಟೆ. ಬಾಕ್ಸನ್ನು ಎರಡೂಕಾಲು ಸುತ್ತಿಗೆ ತಂದು ನಿಲ್ಲಿಸಿದೆ, ಗಾಲಿಗಳನ್ನು ನೆಟ್ಟಗೆ ಮಾಡಿದೆ, ಎರಡೂ ಹೊಂದುವಂತೆ ಡ್ರ್ಯಾಗ್ ಲಿಂಕಿನ ಉದ್ದ ಬದಲಾಯಿಸಿ, ಎರಡೂ ಕಡೆ ಸಾಕಷ್ಟು ದಾರ ಒಳಗಿದೆಯಾ ನೋಡಿದೆ. ಲಿಂಕನ್ನು ಆರ್ಮಿಗೆ ಸೇರಿಸುವ ಮುಂಚೆ ಸ್ಕ್ರೂ: ಲಾಕ್ ನಟ್ಟನ್ನು ರಿಂಗ್ ಪಾನಾದಲ್ಲಿ ಹಿಡಿದು, ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ. ಪ್ರತಿ ಸಲವೂ ಕೊನೆಯಿಂದ ಕೊನೆಗೆ ತಿರುಗಿಸಿ ನೋಡಬೇಕು. ನಡುವಿನಲ್ಲಿ ಕೈಗೆ ಸಣ್ಣ ಬಿಗಿ ತಿಳಿಯಬೇಕು, ಎಲ್ಲೂ ಕಚ್ಚಬಾರದು. ನಡುವಿನ ಆಟ ಹೋಗುವಷ್ಟು ಬಿಗಿ ಮಾಡಿದಾಗ ಆಚೀಚೆ ಕಚ್ಚಿದರೆ ನಡುವಿನ ಹಲ್ಲು ಸವೆದಿದೆ ಅಂತ ಅರ್ಥ. ಅಂಥ ಬಾಕ್ಸಿಗೆ ಸ್ಕ್ರೂ ಮದ್ದಲ್ಲ, ಬಿಚ್ಚಿ ರಿಪೇರಿ ಆಗಬೇಕು. ನಮ್ಮದು ಬದುಕಿತ್ತು. ಲಿಂಕ್ ಸೇರಿಸಿ, ನಟ್ ಬಿಗಿ ಮಾಡಿ, ಪಿನ್ ಹಾಕಿದೆ. ಕೊನೆಯಲ್ಲಿ ಸ್ಟೇರಿಂಗ್ ಚಕ್ರ ತೆಗೆದು ನೆಟ್ಟಗೆ ಕೂರಿಸಿದೆ.

ಅಳತೆ 2.5 ಸೆಂ.ಮೀ. ಖಾಲಿ ಗಾಡಿಯಲ್ಲಿ ಹಳ್ಳಿ ರಸ್ತೆಯಲ್ಲಿ ಮೆಲ್ಲಗೆ ಹೋಗಿ ಎಡಕ್ಕೂ ಬಲಕ್ಕೂ ತಿರುಗಿಸಿ ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನೇ ವಾಪಸ್ ಬಂತು. ಬಿಚ್ಚಿದ ಎಲ್ಲ ನಟ್ಟಿನ ಮೇಲೂ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ, ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಬಗ್ಗಿದ ಕೂಡಲೇ ಗೊತ್ತಾಗುತ್ತದೆ. 500 ಕಿಲೋಮೀಟರ್ ಆದ ಮೇಲೆ ಬಾಕ್ಸಿನ ಬೋಲ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿದೆ. ಒಂದು ಮಾತ್ರ ಒಂದಿಷ್ಟು ತಗೊಂಡಿತು.

ಎಡಗಡೆ ಕಿಂಗ್ ಪಿನ್ ಬ್ರೇಕ್ ತುಳಿದಾಗಲೂ ಸಣ್ಣಗೆ ಆಡುತ್ತಿದೆ. ಎಫ್‌ಸಿಗೆ ಇನ್ನೂ ಎರಡು ತಿಂಗಳಿದೆ, ಬುಷ್ ಸೆಟ್ ತಂದು ಸೀಟಿನ ಕೆಳಗೆ ಇಟ್ಟುಕೊಂಡಿದ್ದೇನೆ. ಲೇತ್ ಅಂಗಡಿಯವರು ಬುಧವಾರ ಬನ್ನಿ ಅಂದಿದ್ದಾರೆ.